ಸಾಹೇಬ್ರ ಗಡಿಯಾರ, ನನ್ನ ಹೆಚ್ಚಿನ ಪ್ರಶ್ನಿ

ಫೋನಿನ ಕೆಲಸದಾಗ ಇದ್ದವರಿಗೆ ನಗಾಕ ಬ್ಯಾರೆ ಏನೂ ಬೇಕಾಗಿರಲಿಲ್ಲ ಬಿಡ್ರಿ. ದಿನಾ ಒಂದಿಲ್ಲೊಂದು ಫಜೀತಿ ತಾನ ಗಂಟಿ ಬಾರಿಸಿಕೊಂತ ಬರತಿತ್ತು. ಎಪ್ಪತ್ತರ ದಶಕದಾಗ ನಾ ಹುನಗುಂದದ ಟೆಲಿಫೋನ್ ಎಕ್ಸ್‌ಚೇಂಜಿನ್ಯಾಗ ಆಪರೇಟರ್ ಇದ್ದೆ. ಯಾರು ಫೋನ್ ಎತ್ತಿದ್ರೂ ಮೊದಲ ನಾನ ಸಿಗತಿದ್ದೆ, ಲೈನ್ ನಾನ ಜೋಡಿಸಬೇಕು. ಮಂದಿ ನಂಬರ್ ಎಲ್ಲಿ ಹೇಳತಿದ್ರು? "ಯಕ್ಕಾ, ನಮ್ಮ ಬೀಗರಿಗೆ ಹಚ್ಚು" ಅಂದ್ರ ಮುಗೀತು. ಅವರ ಬೀಗರು ಯಾರು ಅನ್ನೂದು ನನಗ ಗೊತ್ತಿರಬೇಕು. ಗೊತ್ತಿರತಿತ್ತು!

ಅಂಥಾದ್ರಾಗ ಹೊಸಾ ಸಾಹೇಬ್ರು ಬಂದ್ರು, ಕೈಯಾಗ ಸೆಕೆಂಡ್ ಎಣಿಸೋ ಗಡಿಯಾರ. "ನಂಬರ್ ಕೇಳ್ರಿ, ಲೈನ್ ಕೊಡ್ರಿ. ಹೆಚ್ಚಿನ ಪ್ರಶ್ನಿ ಅಂದ್ರ ವ್ಯಾಳ್ಯಾ ಹಾಳು. ಮೂರು ತಪ್ಪು ಆದ್ರ ಬದಾಮಿಗೆ ವರ್ಗಾವಣಿ!"

ನಾ ಊರು ಬಿಟ್ಟು ಹೆಂಗ ಹೋಗ್ಲಿ? ಮನ್ಯಾಗ ಮೊಣಕಾಲ ಬ್ಯಾನಿ ಅವ್ವ, ನನ್ನ ಬಿಟ್ರ ಆಕಿಗೆ ಯಾರೂ ಇಲ್ಲ.

೧. ಡಾಕ್ಟ್ರೋ, ಡಾಕ್ಟ್ರ ಮನಿಯೋ

ಇಳಕಲ್ಲಿನ ಸೀರಿ ವ್ಯಾಪಾರಿ ಒಬ್ರು ಡಾಕ್ಟ್ರ ಮನಿ ನಂಬರ್ ಕೇಳಿದ್ರು. ಆ ಹೊತ್ತಿಗೆ ಡಾಕ್ಟ್ರು ಔಷಧ ಅಂಗಡ್ಯಾಗ ಚಾ ಕುಡಕೊಂತ ಕುಂತಿರತಾರ. "ಡಾಕ್ಟ್ರು ಬೇಕೇನ್ರಿ, ಬರೇ ಅವರ ಮನಿ ಬೇಕೇನ್ರಿ?" ಅಂದೆ.

ಸಾಹೇಬ್ರು ಹಿಂದ ನಿಂತಿದ್ರು. "ಹನ್ನೊಂದು ಸೆಕೆಂಡ್ ಹಾಳು! ಒಂದನೇ ತಪ್ಪು!" ಅಂತ ಬರಕೊಂಡು, ವ್ಯಾಳ್ಯಾದ ಬೆಲಿ ಮ್ಯಾಲೆ ನನಗ ಭಾಷಣ ಶುರು ಮಾಡಿದ್ರು. ಲೈನಿನ್ಯಾಗಿಂದ ವ್ಯಾಪಾರಿ ಕೂಗಿದ್ರು: "ಯಕ್ಕಾ, ಆ ಸಾಹೇಬ್ರಿಗೆ ಹೇಳು, ಅವರ ಭಾಷಣದಾಗ ನನ್ನ ಟ್ರಂಕ್ ಕಾಲಿನ ಮೂರು ನಿಮಿಷಾನೂ ಹೋದುವು!"

೨. ಶಾವಿಗಿ

ಮರುದಿನ ನಾ ಹಟಕ್ಕ ಬಿದ್ದು ಬಾಯಿ ಹೊಲಕೊಂಡೆ. ಬಾಗಲಕೋಟಿಯಿಂದ ಒಬ್ಬಾಕಿ ತಾಯಿ, ನಮ್ಮೂರಾಗಿನ ತನ್ನ ಮಗಳ ಮನಿ ನಂಬರ್ ಕೊಟ್ಲು. ಗಪ್‌ಚಿಪ್ ಹಚ್ಚಿದೆ. ಗಂಟಿ ಹೊಡದ ಹೊಡೀತು, ಯಾರೂ ಎತ್ತಲಿಲ್ಲ. ಆಕಿ ಮತ್ತ ಕೇಳಿದ್ಲು, ನಾ ಮತ್ತ ಹಚ್ಚಿದೆ. ನಾಕು ಸಲ ಆತು.

"ಯಾಕ ಎತ್ತವಲ್ರು?" ಅಂದ್ರು ಸಾಹೇಬ್ರು.

"ಮಗಳು ಈಗ ಬಾಜೂ ಮನ್ಯಾಗ ಶಾವಿಗಿ ಹೊಸ್ಯಾಕ ಹೋಗಿರತಾಳ್ರಿ. ಆ ಮನ್ಯಾಗೂ ಫೋನ್ ಐತಿ."

"ಇದನ್ನ ಮೊದಲ ಆಕಿಗೆ ಹೇಳಾಕ ಏನಾಗಿತ್ತು?"

"ಹೇಳಿದ್ರ ಹೆಚ್ಚಿನ ಮಾತು ಆಗತಿತ್ತಲ್ರಿ."

ಸಾಹೇಬ್ರು ಪೆನ್ ತಗದು ಎರಡನೇ ತಪ್ಪು ಬರಕೊಂಡ್ರು, ಎದುರು ಮಾತಾಡಿದ್ದಕ್ಕ.

೩. ಎಂಟು ಮಂದಿ

ಒಂದಿನ ಸಾಹೇಬ್ರು ಬದಾಮಿಗೆ ತಪಾಸಣಿಗೆ ಹೋಗಿದ್ರು. ಮುಂಜಾನೆ ಅಲ್ಲಿಂದ ಫೋನ್: "ಇಪ್ಪತ್ತೊಂಬತ್ತು ಕೊಡ್ರಿ."

ಅವರ ಮನಿ ನಂಬರ್ ಹತ್ತೊಂಬತ್ತು. ಇಪ್ಪತ್ತೊಂಬತ್ತು ಅಂದ್ರ ಖಾನಾವಳಿ. ಜೀವ ತಡೀಲಿಲ್ಲ, "ಮನಿಗೇನ್ರಿ, ಸಾಹೇಬ್ರ?" ಅಂದೆ.

"ಹೆಚ್ಚಿನ ಪ್ರಶ್ನಿ! ಮೂರನೇದು! ವರ್ಗಾವಣಿ ಇವತ್ತ ಬರೀತೇನಿ. ಲೈನ್ ಕೊಡ್ರಿ!"

ಕೊಟ್ಟೆ. ಸಾಹೇಬ್ರು ಹಲೋನೂ ಅನ್ನಲಿಲ್ಲ, ಯಾರು ಎತ್ತಿದ್ರು ಅಂತನೂ ಕೇಳಲಿಲ್ಲ. "ಗಂಡಿನವ್ರು ನಾಳೆ ಅಲ್ಲ, ಇವತ್ತ ನಾಕಕ್ಕ ಬರತಾರ. ಎಂಟು ಮಂದಿ. ತಪಾಸಣಿ ಬಿಟ್ಟು ನನಗ ಬರಾಕ ಆಗೂದಿಲ್ಲ. ಉಪ್ಪಿಟ್ಟು, ಶಿರಾ ಮಾಡ್ರಿ. ಹುಡುಗಿಗೆ ಇಳಕಲ್ ಸೀರಿ ಉಡಿಸಿ ತಯಾರ ಇಡ್ರಿ" ಅಂದು ಠಪ್ ಅಂತ ಇಟ್ರು.

ಒಂದು ನಿಮಿಷಕ್ಕ ಖಾನಾವಳಿ ಮಾಲಕನ ಫೋನ್ ಬಂತು. "ಯಕ್ಕಾ, ಉಪ್ಪಿಟ್ಟು ಆಕ್ಕೈತಿ, ಶಿರಾನೂ ಆಕ್ಕೈತಿ. ಹುಡುಗಿ ಎಲ್ಲಿಂದ ತರ್ಲಿ?"

ನಕ್ಕು ನಕ್ಕು ಕಣ್ಣಾಗ ನೀರು ಬಂತು, ಆದ್ರೂ ಸಾಹೇಬ್ರ ಮಗಳನ್ನ ನೆನಸಿ ಪಾಪ ಅನಿಸ್ತು. "ನೀವು ತಿಂಡಿ ಮಾಡಿ ಸಾಹೇಬ್ರ ಮನಿ ಹಿತ್ತಲ ಬಾಗಲಕ್ಕ ಕಳಸ್ರಿ" ಅಂದು, ಸಾಹೇಬ್ರ ಹೆಂಡತಿಗೆ ಫೋನ್ ಮಾಡಿದೆ. ಹುಡುಗಿ ತಲಿತುಂಬ ಎಣ್ಣಿ ಹಚಗೊಂಡು ಕುಂತಿದ್ಲಂತ! ನಾಕು ಗಂಟೆ ಅನ್ನೂದ್ರಾಗ ಎಲ್ಲಾ ಸಜ್ಜಾತು. ಗಂಡಿನವ್ರು ಶಿರಾ ಎರಡೆರಡು ಸಲ ಹಾಕಿಸಿಕೊಂಡು, ಹುಡುಗಿ ಪಸಂದ ಅಂತ ಹೇಳೇ ಎದ್ರು.

ಸಂಜಿಮುಂದ ಸಾಹೇಬ್ರು ಮತ್ತ ಬದಾಮಿಯಿಂದ ಫೋನ್ ಮಾಡಿ "ನಮ್ಮನಿ ಕೊಡ್ರಿ" ಅಂದ್ರು. ಕೊಟ್ಟೆ. ಲೈನಿಗೆ ಕಿವಿ ಕೊಟ್ಟು ಕೇಳಬಾರದಿತ್ತು, ಕೇಳಿದೆ. ಹೆಂಡತಿ ಮುಂಜಾನಿಯಿಂದ ನಡದದ್ದೆಲ್ಲಾ ಹೇಳಿದ್ರು. ಸಾಹೇಬ್ರ ದನಿ ಇಳೀತು: "ನಾ ಆಕೀ ವರ್ಗಾವಣಿ ಬರದು ಸಹಿ ಮಾಡೇನಲ್ಲ..."

"ಹರದು ಒಗೀರಿ! ಆಕಿ ಬದಾಮಿಗೆ ಬಂದ್ರ ನೀವೂ ಅಲ್ಲೇ ಉಳೀರಿ. ಮನಿ ನಂಬರ್ ಗೊತ್ತಿಲ್ದವ್ರು ಮನಿಗೆ ಬಂದು ಏನು ಮಾಡ್ತೀರಿ?"