ಅಮೆರಿಕದಲ್ಲಿ ಒಂದು ಭಪ್ಪರೇ

ನಾವು ಗಂಡ ಹೆಂಡತಿ ಸಂಗೀತ ಕೇಳಲು ಹೊರಟರೆ, ಜನ ಹಾಡುವವರನ್ನು ಬಿಟ್ಟು ನಮ್ಮನ್ನೇ ನೋಡುವ ಹಾಗೆ ಏನಾದರೊಂದು ಆಗೇ ಆಗುತ್ತದೆ. ಧಾರವಾಡದಲ್ಲಿ ಆಗಿದೆ, ಸಿಂಗಪುರದಲ್ಲಿ ಆಗಿದೆ, ಕಳೆದ ಜೂನ್ ರಜೆಯಲ್ಲಿ ಅಮೆರಿಕದಲ್ಲಿ ಊರೂರಲ್ಲೂ ಆಯಿತು. ಎಲ್ಲದಕ್ಕೂ ಕಾರಣ ನಮ್ಮ ಯಜಮಾನರ ಬಾಯಿ.

ನಾವಿರುವ ಸಿಂಗಪುರದಲ್ಲಿ, ಆಂಗ್ ಮೋ ಕಿಯೋದ ಒಂದು ಚಿಪ್ ಕಂಪನಿಯಲ್ಲಿ ದಿನವಿಡೀ ತುಟಿಪಿಟಕ್ಕೆನ್ನದೆ ಕೆಲಸ ಮಾಡುವ ಮನುಷ್ಯ ಇವರು. ಆದರೆ ಯಾರಾದರೂ ಒಂದು ಸ್ವರ ಚೆನ್ನಾಗಿ ಹಚ್ಚಿದರೋ, ಮುಗೀತು. ತೊಡೆ ತಟ್ಟಿ, ತಲೆ ಕೊಡವಿ, "ಭಪ್ಪರೇ ಮಗನ!" ಅಂತ ಕೂಗಿಬಿಡುತ್ತಾರೆ. ಧಾರವಾಡದ ಬೈಠಕ್ಕುಗಳಲ್ಲಿ ಕೂತು ಬೆಳೆದವರಿಗೆ ಅದು ಉಸಿರಾಟದ ಹಾಗೆ. "ಕೇಳೋರು ದಾದ್ ಕೊಡದಿದ್ರ ನುಡಿಸೋರು ಯಾಕ ನುಡಿಸಬೇಕು?" ಅನ್ನುವುದು ಅವರ ವಾದ. ಒಮ್ಮೆ ನಮ್ಮ ಬುಕಿತ್ ಪಂಜಾಂಗ್ ಬ್ಲಾಕಿನ ಕೆಳಗಿನ ತೆರೆದ ಪಡಸಾಲೆ, ಅಂದರೆ ವಾಯ್ಡ್ ಡೆಕ್‌ನಲ್ಲಿ ಮಲಯ್ ಮದುವೆ ನಡೆದಿತ್ತು. ತರಕಾರಿ ಚೀಲ ಹಿಡಿದು ಹಾದುಹೋಗುತ್ತಿದ್ದ ಇವರು ಹಾಡಿಗೆ ಎಂಥ ಭಪ್ಪರೇ ಹಾಕಿದರೆಂದರೆ, ಹಾಡುತ್ತಿದ್ದವನಿಗೆ ಮುಂದಿನ ಸಾಲೇ ಮರೆತುಹೋಯಿತು. ಒಳ್ಳೆಯ ಜನ, ಬೈಯಲಿಲ್ಲ. ಗುಲಾಬಿ ಶರಬತ್ತು ಕುಡಿಸಿ ಕಳಿಸಿದರು.

ಇವರು ಕಾಲೇಜಿನಲ್ಲಿದ್ದಾಗ ಭಜನೆ ಕ್ಯಾಸೆಟ್ ಅಂತ ಕೊಂಡು ತಂದದ್ದರೊಳಗೆ, ಅದು ಹೇಗೋ, ಅಮೆರಿಕದ ಒಬ್ಬಾತನ ಗಿಟಾರ್ ಇತ್ತಂತೆ. ವಾಪಸ್ ಕೊಡಲು ಹೋದರೆ ಅಂಗಡಿಯವನು "ದೇವರೆಲ್ಲ ಒಂದ ಅಲ್ಲೇನ್ರಿ?" ಅಂದನಂತೆ. ಅವತ್ತಿನಿಂದ ಆ ಗಿಟಾರ್‌ನವನೇ ಇವರಿಗೆ ದೇವರು. ನಮ್ಮ ಮನೆಯಲ್ಲಿ ಅವನ ಹೆಸರು ಅಜ್ಜ. ಅಜ್ಜನಿಗೆ ಈಗ ಎಂಬತ್ತು ದಾಟಿದೆ. ಕೊಲರಾಡೊದ ಒಂದು ಬೆಟ್ಟದೂರಿನಲ್ಲಿ ಜೂನ್ ಕೊನೆಗೆ ಕಡೆಯ ಕಛೇರಿ, ಆಮೇಲೆ ಗಿಟಾರ್ ಮುಟ್ಟುವುದಿಲ್ಲ ಅಂತ ಸುದ್ದಿ ಬಂತು. ಇವರು ಊಟ ಬಿಟ್ಟು ಕೂತರು. "ಜೀವನದಾಗ ಒಮ್ಮೆ ಅಜ್ಜನ ಮುಂದ ಕುಂತು ಒಂದ ಭಪ್ಪರೇ ಅನ್ನಬೇಕು. ಒಂದ. ಸಾಕು."

ಟಿಕೆಟ್ ಬುಕ್ ಮಾಡಿದೆವು. ಮಾಡಿದ ಮೇಲೆ ಕೆಳಗಿನ ಸಣ್ಣ ಅಕ್ಷರ ಓದಿದೆವು. ಕಛೇರಿ ರೆಕಾರ್ಡ್ ಆಗುತ್ತದೆ, ನುಡಿಸುವಾಗ ಸದ್ದು ಮಾಡಿದವರನ್ನು ಹೊರಗೆ ಕಳಿಸುತ್ತೇವೆ, ಅಂತ.

ಪಾಲಿಟೆಕ್ನಿಕ್ ಓದುವ ಮಗಳು ನಕ್ಕಳು. "ಅಪ್ಪ ಸೈಲೆಂಟ್ ಆಗಿ ಕೂರೋದಾ? ಇಂಪಾಸಿಬಲ್ ಲಾ!"

ನಾನು ಸೆರಂಗೂನ್‌ನಲ್ಲಿ ಟ್ಯೂಷನ್ ಹೇಳುವವಳು. ಪ್ರಾಕ್ಟೀಸ್ ಇಲ್ಲದೆ ಯಾರನ್ನೂ ಪರೀಕ್ಷೆಗೆ ಕೂರಿಸುವುದಿಲ್ಲ. ರಜೆಯಿಡೀ ಅಮೆರಿಕದಲ್ಲಿ ಊರೂರು ಸುತ್ತಿ ಸಂಗೀತ ಕೇಳುವುದು, ಎಲ್ಲ ಕಡೆಯೂ ಇವರು ಬಾಯಿ ಮುಚ್ಚಿಕೊಂಡು ರೂಢಿ ಮಾಡಿಕೊಳ್ಳುವುದು, ಕೊನೆಗೆ ಅಜ್ಜ. ಇದು ನನ್ನ ಪ್ಲಾನ್.

ಟಿಶ್ಯೂ ಪ್ಯಾಕೆಟ್

ಮೊದಲ ಪ್ರಾಕ್ಟೀಸ್ ಜಾರ್ಜಿಯಾದ ಒಂದು ಬಯಲಿನಲ್ಲಿ. ಹಳ್ಳಿ ಹಾಡುಗಳ ಜಾತ್ರೆ, ಸಾಲಾಗಿ ಕುರ್ಚಿ ಹಾಕಿದ್ದರು. ಬೇಗ ಹೋಗಿ ಮುಂದಿನ ಸಾಲಿನ ಎರಡು ಕುರ್ಚಿಯ ಮೇಲೆ ಎರಡು ಟಿಶ್ಯೂ ಪ್ಯಾಕೆಟ್ ಇಟ್ಟು, ನಿಶ್ಚಿಂತೆಯಿಂದ ನಿಂಬೆ ಪಾನಕದ ಕ್ಯೂಗೆ ಹೋದೆವು. ಸಿಂಗಪುರದಲ್ಲಿ ನಾವು ಊಟಕ್ಕೆ ಹೋಗುವ ಹಾಕರ್ ಸೆಂಟರ್‌ಗಳಲ್ಲಿ ಮೇಜಿನ ಮೇಲೆ ಟಿಶ್ಯೂ ಪ್ಯಾಕೆಟ್ ಇಟ್ಟರೆ ಆ ಜಾಗ ನಮ್ಮದು. ಯಾರೂ ಮುಟ್ಟುವುದಿಲ್ಲ.

ವಾಪಸ್ ಬಂದರೆ ಒಂದು ಕುರ್ಚಿಯಲ್ಲಿ ದೊಡ್ಡ ಟೋಪಿಯ ಗಂಡಸು, ಇನ್ನೊಂದರಲ್ಲಿ ಅವನ ಹೆಂಡತಿ. ಇಬ್ಬರೂ ನಮ್ಮ ಟಿಶ್ಯೂನಿಂದ ಮೂಗು ಒರೆಸಿಕೊಳ್ಳುತ್ತಿದ್ದರು.

"ಸರ್, ಅದು ನಮ್ಮ ಪ್ಯಾಕೆಟ್ಟು," ಅಂದರು ಯಜಮಾನರು.

"ಓಹೋ, ಇದನ್ನು ಇಡುವವರು ನೀವೇನಾ? ದೇವರು ಚೆನ್ನಾಗಿಟ್ಟಿರಲಿ! ಈ ಹುಲ್ಲಿನ ಧೂಳಿಗೆ ಮೂಗು ನಿಲ್ಲುತ್ತಲೇ ಇಲ್ಲ," ಅಂದ ಟೋಪಿಯವನು. ಅಂದವನು ಹಿಂದಿನ ಸಾಲಿಗೆಲ್ಲ ಕೂಗಿ ಹೇಳಿದ, "ಟಿಶ್ಯೂ ಬೇಕಾದವರು ಇವರನ್ನು ಕೇಳಿ!"

ಕೇಳಿದರು. ಒಬ್ಬರಾದ ಮೇಲೆ ಒಬ್ಬರು ಬಂದು, ಬೆನ್ನು ತಟ್ಟಿ, ಕೇಳಿ ತಗೊಂಡರು. ಒಬ್ಬ ಅಜ್ಜಿ ಮೊಮ್ಮಗುವಿಗೂ ಸೇರಿಸಿ ಎರಡು ತಗೊಂಡಳು. ನಾವು ನಿಂತೇ ಕೇಳಿದೆವು. ಸಿಟ್ಟಿಗೆ ಇವರು ಒಂದೂ ಭಪ್ಪರೇ ಅನ್ನಲಿಲ್ಲ. ಪ್ರಾಕ್ಟೀಸ್ ಚೆನ್ನಾಗಿ ಶುರುವಾಯಿತು ಅಂದುಕೊಂಡು ಸೀನು ಬಂದಾಗ ಸೆರಗು ಹುಡುಕಿದೆ. ಹಾಕಿಕೊಂಡಿದ್ದದ್ದು ಟೀ ಶರ್ಟು.

ಛತ್ರಿ ಮಾಡಿದ ಕೆಲಸ

ನ್ಯೂ ಆರ್ಲಿಯನ್ಸ್‌ನಲ್ಲಿ ರಣಬಿಸಿಲು. ಸಿಂಗಪುರದವರ ಬ್ಯಾಗಿನಲ್ಲಿ ಛತ್ರಿ ಇದ್ದೇ ಇರುತ್ತದಲ್ಲ, ಬಿಚ್ಚಿ ಹಿಡಿದು ನಡೆಯುತ್ತಿದ್ದೆವು. ಎದುರಿಗೆ ಒಂದು ಮೆರವಣಿಗೆ ಬಂತು. ತುತ್ತೂರಿ, ಡೋಲು, ರಸ್ತೆ ತುಂಬ ಕುಣಿಯುವ ಜನ, ಬಹಳ ಮಂದಿಯ ಕೈಯಲ್ಲಿ ಬಣ್ಣದ ಛತ್ರಿ. ನಮ್ಮ ಛತ್ರಿ ನೋಡಿ ನಮ್ಮನ್ನೂ ತಮ್ಮವರೇ ಅಂದುಕೊಂಡರೋ ಏನೋ, ಕೈ ಹಿಡಿದು ಒಳಗೆ ಎಳೆದುಕೊಂಡರು.

"ಮದುವಿ ದಿಬ್ಬಣ. ನಡಿ, ಊಟ ಇರ್ತೈತಿ," ಅಂದರು ಯಜಮಾನರು.

ಕುಣಿದೆವು. ನಾನೂ ಕುಣಿದೆ, ಅಲ್ಲಿ ನನ್ನ ಗುರುತು ಹಿಡಿಯುವವರು ಯಾರಿದ್ದಾರೆ? ಇವರಂತೂ ತುತ್ತೂರಿಯವನ ಬೆನ್ನು ಬಿಡಲಿಲ್ಲ. ಅವನು ಊದಿದಾಗಲೆಲ್ಲ ಒಂದು ಭಪ್ಪರೇ. ಬೀದಿಯಲ್ಲಿ ಪ್ರಾಕ್ಟೀಸ್ ಲೆಕ್ಕಕ್ಕಿಲ್ಲ ಅಂತ ನಾನೂ ಸುಮ್ಮನಿದ್ದೆ. ಮೆರವಣಿಗೆ ಒಂದು ಹಾಲ್ ಹೊಕ್ಕಿತು. ಒಳಗೆ ಹೂವಿನ ಮಧ್ಯೆ ಒಬ್ಬ ಮುದುಕರ ದೊಡ್ಡ ಫೋಟೋ.

"ಮದುಮಗಗ ಸ್ವಲ್ಪ ವಯಸ್ಸಾಗೇತಿ," ಅಂದರು ಇವರು.

"ರೀ, ಇದು ಮದುವಿ ಅಲ್ರೀ. ಅವರು ತೀರಿಕೊಂಡಾರ! ಈ ಊರಾಗ ಹಿಂಗ ಕುಣಕೋತ ಕಳಸ್ತಾರ ಕಾಣ್ತದ!"

"ಹೌದಲ್ಲ! ಆದ್ರ ಈಗ ಓಡಿದ್ರ ಚೊಲೋ ಕಾಣಂಗಿಲ್ಲ. ಕುಂದ್ರು."

ಕೂತೆವು. ಅನ್ನ, ಗೋವಿನಜೋಳದ ಬ್ರೆಡ್ಡು ಬಡಿಸಿದರು. ಒಬ್ಬೊಬ್ಬರೇ ಎದ್ದು ತೀರಿಕೊಂಡವರ ಬಗ್ಗೆ ಎರಡು ಮಾತಾಡುತ್ತಿದ್ದರು. ಅವರ ಹೆಂಡತಿ ಬಂದು ಇವರ ಕೈಗೂ ಮೈಕ್ ಕೊಟ್ಟರು. ಇವರು ಗಂಭೀರವಾಗಿ ಎದ್ದು ನಿಂತು ಹೇಳಿದರು, "ಇಂಥ ಶಾಂತ ಮನುಷ್ಯ ನೂರಕ್ಕೊಬ್ಬರು. ಯಾರ ಮೇಲೂ ದನಿ ಎತ್ತಿದವರಲ್ಲ. ಒಂದು ಇರುವೆಗೂ ನೋವು ಮಾಡಿದವರಲ್ಲ."

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ತುತ್ತೂರಿಯವನು ಗೋಡೆ ಹಿಡಿದುಕೊಂಡು ನಕ್ಕ. ಆ ಹೆಂಡತಿ ಕಣ್ಣೊರೆಸಿಕೊಳ್ಳುತ್ತ ಬಂದು ಇವರ ಭುಜ ಹಿಡಿದರು. "ನೀವು ನಮ್ಮ ಮನೆಯವರನ್ನ ನೋಡೇ ಇಲ್ಲ ಅಂತ ಈಗ ಗೊತ್ತಾಯ್ತು. ಇನ್ನೊಂದು ಸ್ವಲ್ಪ ಅನ್ನ ಹಾಕ್ಕೊಳ್ಳಿ."

ಗಾಲಿ ಕುರ್ಚಿ

ಶಿಕಾಗೊದಲ್ಲಿ ನಿಜವಾದ ಪರೀಕ್ಷೆ. ಪಿಟೀಲಿನವರು ನಾಲ್ಕು ಜನ ಒಟ್ಟಿಗೆ ಕೂತು ನುಡಿಸುವ ದೊಡ್ಡ ಹಾಲ್. ಅಲ್ಲಿ ಜನ ಕೆಮ್ಮಬೇಕಾದರೂ ಪಾಠ ಮುಗಿಯಲಿ ಅಂತ ಕೂತ ಮಕ್ಕಳ ಹಾಗೆ ಕಾಯುತ್ತಾರೆ. ಇವರು ಅರ್ಧ ಗಂಟೆ ತಡೆದುಕೊಂಡರು. ಅಷ್ಟರಲ್ಲಿ ದೊಡ್ಡ ಪಿಟೀಲಿನವಳು ತೀರಾ ಕೆಳಗಿನ ಒಂದು ಸ್ವರ ಹಿಡಿದು, ಎಳೆದು, ಸಣ್ಣಗೆ ಮಾಡಿ, ಇನ್ನೇನು ನಿಲ್ಲಿಸಿದಳು ಅನ್ನುವಷ್ಟರಲ್ಲಿ ಮತ್ತೆ ಎತ್ತಿದಳು.

"ಭಪ್ಪರೇ ಮಗನ!"

ಆ ಹುಡುಗಿಯ ಕಮಾನು ಕೈಯಿಂದ ಜಾರಿತು. ಎಲ್ಲರೂ ತಿರುಗಿದರು. ಹಾಲ್ ನೋಡಿಕೊಳ್ಳುವ ಒಬ್ಬ ಹೆಂಗಸು ಬಗ್ಗಿಕೊಂಡು ಓಡಿಬಂದಳು.

"ಮೇಡಂ, ಇವರಿಗೆ ಎಲ್ಲಿ ನೋವು?"

"ನೋವಿಲ್ಲ. ಸಂಗೀತ ಚೆನ್ನಾಗಿತ್ತು."

"ಹಾಗಾದರೆ ಕಿರುಚಿದ್ದು ಯಾಕೆ?"

"ಸಂಗೀತ ಚೆನ್ನಾಗಿತ್ತು, ಅದಕ್ಕೇ."

ಅವಳಿಗೆ ನನ್ನ ಮೇಲೂ ಅನುಮಾನ ಬಂತು. ಎರಡೇ ನಿಮಿಷದಲ್ಲಿ ಗಾಲಿ ಕುರ್ಚಿ ಬಂತು, ನೀರಿನ ಬಾಟಲಿ ಬಂತು. ಇವರು ಬೇಡ ಬೇಡ ಅಂದಷ್ಟೂ "ಅಲುಗಾಡಬೇಡಿ" ಅಂತ ಒತ್ತಿ ಕೂರಿಸಿದರು. ನಾನು ಹಿಂದೆ ಹಿಂದೆ, ನೆಲ ನೋಡಿಕೊಂಡು. ಅಷ್ಟರಲ್ಲಿ ಮತ್ತೆ ಸಂಗೀತ ಶುರುವಾಯಿತು. ಇವರು ಕುರ್ಚಿ ತಳ್ಳುತ್ತಿದ್ದವಳ ಕೈ ತಟ್ಟಿ, "ಸ್ವಲ್ಪ ನಿಧಾನ ತಳ್ಳಿ, ಬಾಗಿಲವರೆಗೂ ಕೇಳಿಸ್ತದೆ," ಅಂದರು.

ಗಮ್ಮು

ಅವತ್ತು ಕಾರಿನಲ್ಲಿ ನಾನು ಅತ್ತೇಬಿಟ್ಟೆ. "ಅಜ್ಜನ ಕಛೇರಿಯೊಳಗೂ ಹಿಂಗ ಹೊರಗ ಹಾಕಿದ್ರ ಏನ್ ಮಾಡೋದ್ರೀ? ಇಷ್ಟು ದೂರ ಬಂದು ಬಾಗಲ ಹೊರಗ ನಿಂದ್ರೋದು?" ಇವರ ಮುಖವೂ ಸಪ್ಪೆಯಾಯಿತು. ಆಗಲೇ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ನನಗೆ ಚೂಯಿಂಗ್ ಗಮ್ ಕಂಡದ್ದು. ಸಿಂಗಪುರದಲ್ಲಿ ಅದನ್ನು ಮಾರುವ ಹಾಗಿಲ್ಲ. ನಾವಿಬ್ಬರೂ ಅದರ ರುಚಿಯನ್ನೇ ಮರೆತಿದ್ದೆವು. ನಾಲ್ಕು ತುಂಡು ಒಟ್ಟಿಗೆ ಇವರ ಬಾಯಿಗೆ ತುರುಕಿದೆ. ಏನಾದರೂ ಹೇಳಿ ನೋಡೋಣ ಅಂದೆ. "ಮ್ಮ್" ಅಂದರು. ಭೇಷ್!

ಟ್ರಯಲ್ ನೋಡಲು ಕ್ಯಾನ್ಸಸ್‌ನ ಒಂದು ಪುಟ್ಟ ಚರ್ಚಿನ ಭಾನುವಾರದ ಹಾಡಿಗೆ ಕರೆದುಕೊಂಡು ಹೋದೆ. ಚರ್ಚು ಅಂದರೆ ಪ್ರಶಾಂತವಾಗಿರುತ್ತದೆ ಅಂದುಕೊಂಡಿದ್ದೆ. ಅಯ್ಯ ಶಿವನೇ! ಒಂದು ಸಾಲು ಹಾಡಿದರೆ ಇಡೀ ಚರ್ಚು ಎದ್ದು ನಿಂತು ಕೂಗುತ್ತದೆ. ಕೈ ಎತ್ತಿ ಕೂಗುವವರು, ಕಾಲು ಬಡಿದು ಕೂಗುವವರು, "ಇನ್ನೊಮ್ಮೆ ಹೇಳಪ್ಪಾ!" ಅಂತ ಕೂಗುವವರು. ಇವರು ಹುಟ್ಟಿದ್ದೇ ಇಂಥ ಜಾಗಕ್ಕೆ. ಬಾಯಿ ತುಂಬ ಗಮ್ಮು, ಕಣ್ಣ ತುಂಬ ನೀರು, ನನ್ನನ್ನು ನೋಡುತ್ತಾರೆ. "ಉಗುಳ್ರಿ!" ಅಂದೆ. ಎಲ್ಲಿಗೆ ಉಗುಳುವುದು? ನಾಲ್ಕು ತುಂಡೂ ಕಟ್ಟಿಸಿದ ಹಲ್ಲಿಗೆ ಹಿಡಿದು ಕೂತಿತ್ತು. ತೆಗೆದರೆ ಹಲ್ಲೂ ಬರುತ್ತಿತ್ತು.

ಹಾಡು ನಿಂತಿತು. ಪಾದ್ರಿಯವರು ಇವರ ಕಡೆ ಕೈ ತೋರಿಸಿ ಕರುಣೆಯಿಂದ ಹೇಳಿದರು, "ನಮ್ಮ ನಡುವೆ ಒಬ್ಬ ಸಹೋದರ ಇದ್ದಾರೆ. ಸಂಗೀತ ಅವರ ಹೃದಯವನ್ನು ಮುಟ್ಟುತ್ತಲೇ ಇಲ್ಲ. ಎಲ್ಲರೂ ಅವರಿಗಾಗಿ ಪ್ರಾರ್ಥಿಸೋಣ."

ಅಜ್ಜ

ಕೊಲರಾಡೊದ ಬೆಟ್ಟದೂರು. ಮರದ ಹಲಗೆಯ ಪುಟ್ಟ ಥಿಯೇಟರ್, ಎರಡನೇ ಸಾಲು. ಇವರ ಬಾಯಲ್ಲಿ ಗಮ್ಮು, ಈ ಸಲ ಒಂದೇ ತುಂಡು. ಇವರ ಕೈ ನನ್ನ ಕೈಯಲ್ಲಿ. ಭಪ್ಪರೇ ಬಂದಾಗ ನನ್ನ ಕೈ ಹಿಸುಕಬೇಕು ಅಂತ ಒಪ್ಪಂದ.

ಅಜ್ಜ ಕೋಲೂರಿಕೊಂಡು ಬಂದು ಕೂತ. ಮೊದಲನೆಯದು ನುಡಿಸಿದ. ರೆಕಾರ್ಡಿಂಗ್ ಅಂತ ಯಾರೂ ಉಸಿರೂ ಬಿಡಲಿಲ್ಲ. ಮುಗಿದ ಮೇಲೆ ಅಳೆದು ಸುರಿದ ಹಾಗೆ ಚಪ್ಪಾಳೆ. ಅಜ್ಜ ಜನರನ್ನೊಮ್ಮೆ ನೋಡಿದ, ಬಸ್ಸಿಗೆ ಕಾಯುವವರ ಹಾಗೆ. ನನಗೆ ಪಾಪ ಅನ್ನಿಸಿತು. ಇವರು ಹಿಸುಕಿದ್ದಕ್ಕೆ ನನ್ನ ಉಂಗುರ ಬೆರಳೊಳಗೆ ಇಳಿದಿತ್ತು.

ಎರಡನೆಯದು ಶುರುವಾಯಿತು. ಕ್ಯಾಸೆಟ್‌ನ ಮೊದಲ ರಾಗ! ನಾನು ಚಪಾತಿ ಲಟ್ಟಿಸುತ್ತ, "ವಾಲ್ಯೂಮ್ ಕಡಿಮಿ ಮಾಡ್ರೀ" ಅಂತ ಒದರುತ್ತ ವರ್ಷಾನುಗಟ್ಟಲೆ ಕೇಳಿದ್ದು. ಅಜ್ಜ ಬೆರಳಿಗೆ ಸಿಕ್ಕಿಸಿದ ಗಾಜಿನ ಕೊಳವೆಯನ್ನು ತಂತಿಯ ಮೇಲೆ ಜಾರಿಸುತ್ತ ಮೇಲೆ ಹೋದ. ಇನ್ನೂ ಮೇಲೆ. ಅಲ್ಲಿ ನಿಂತ. ಕೆಳಗೆ ಇಳಿಯಲೇ ಇಲ್ಲ. ನನ್ನ ಎದೆಯೊಳಗೆ ಏನೋ ಕಿತ್ತುಕೊಂಡು ಬಂತು.

"ಭಪ್ಪರೇ ಮಗನ!"

ಹಾಲ್ ನಡುಗುವ ಹಾಗೆ ಕೂಗು. ಎಲ್ಲ ಹಾಳಾಯಿತು ಅಂತ ಸಿಟ್ಟಿನಿಂದ ಯಜಮಾನರ ಕಡೆ ತಿರುಗಿದೆ. ಇವರ ಬಾಯಿ ಮುಚ್ಚಿತ್ತು. ಕಣ್ಣು ಮಾತ್ರ ಇಷ್ಟಗಲ ಬಿಟ್ಟು ನನ್ನನ್ನೇ ನೋಡುತ್ತಿದ್ದರು.

ಆಗ ಗೊತ್ತಾಯಿತು, ಕೂಗಿದವಳು ನಾನು.

ಟಾರ್ಚ್ ಹಿಡಿದ ಹುಡುಗಿ ಬಂದು "ಮೇಡಂ" ಅಂದಳು. ಎದ್ದೆ. ಇವರೂ ಏಳುತ್ತಾರೆ ಅಂದುಕೊಂಡೆ. ಇವರು ನಾನು ದಾಟಿಹೋಗಲೆಂದು ಮೊಣಕಾಲು ಒಂದು ಕಡೆ ಸರಿಸಿದರು! ಹೊರಗೆ ನಿಂತು ಬಾಗಿಲಿನ ಗಾಜಿನಿಂದ ಇಣುಕಿದೆ. ನನ್ನ ಕುರ್ಚಿಯ ಮೇಲೆ ಟಿಶ್ಯೂ ಪ್ಯಾಕೆಟ್ ಇಟ್ಟಿದ್ದರು.

ಆಮೇಲೆ ಅಜ್ಜ ನುಡಿಸಿದ್ದು ಬೇರೆಯೇ. ಬಾಗಿಲ ಸಂದಿಯಿಂದ ಅಷ್ಟನ್ನೂ ಕೇಳಿದೆ. ಮುಗಿದು ಜನ ಹೊರಗೆ ಬಂದ ಮೇಲೆ ಅಜ್ಜನೂ ಕೋಲೂರಿಕೊಂಡು ನಮ್ಮೆಲ್ಲರ ನಡುವೆ ಬಂದು ನಿಂತ. "ಎರಡನೆಯದರಲ್ಲಿ ಕೂಗಿದ್ದು ಯಾರು? ವರ್ಷವಿಡೀ ಇಂಥ ಒಂದು ಕೂಗಿಗೆ ಕಾಯುತ್ತಿದ್ದೆ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಜನರ ತಲೆಗಳ ಮೇಲೆ ಒಂದು ಕೈ ಎದ್ದಿತು. ಯಜಮಾನರದು.

ಅಜ್ಜ ಇವರನ್ನು ತಬ್ಬಿಕೊಂಡ. ಇವರು ಅಳುತ್ತಲೇ ಫೋನನ್ನು ನನ್ನ ಕೈಗೆ ಕೊಟ್ಟು, "ಲಗೂನ ಒಂದು ಫೋಟೋ ತಗಿ," ಅಂದರು. ತೆಗೆದೆ. ಕಾರಿಗೆ ಬಂದ ಮೇಲೆ ಜಗಳ ತೆಗೆದೆ.

"ಅಲ್ರೀ, ಕೂಗಿದಾಕಿ ನಾನು!"

"ಕೂಗಿದಾಕಿ ನೀನ. ಆದ್ರ ಭಪ್ಪರೇ ನಂದು."

ಈಗ ಆ ಫೋಟೋ ನಮ್ಮ ಬುಕಿತ್ ಪಂಜಾಂಗ್ ಮನೆಯ ಹಾಲ್‌ನಲ್ಲಿದೆ. ಬಂದ ಅಂಕಲ್ ಆಂಟಿಯರಿಗೆಲ್ಲ ಇವರು ತಾವೇ ಕೂಗಿದ ಕಥೆ ಹೇಳುತ್ತಾರೆ. ಹೋದ ತಿಂಗಳು ಆ ಕಛೇರಿಯ ರೆಕಾರ್ಡಿಂಗ್ ಹೊರಬಂತು. ಕೂಗನ್ನು ತೆಗೆಯಬೇಡಿ ಅಂತ ಅಜ್ಜನೇ ಹೇಳಿದನಂತೆ. ಮನೆ ತುಂಬ ನೆಂಟರನ್ನು ಕೂರಿಸಿಕೊಂಡು, "ಬಂತು ನೋಡ್ರಿ, ಈಗ ನನ್ನ ಭಪ್ಪರೇ," ಅಂತ ಇವರೇ ವಾಲ್ಯೂಮ್ ಜಾಸ್ತಿ ಮಾಡಿದರು. ಗಿಟಾರ್ ಮೇಲೆ ಹೋಯಿತು, ನಿಂತಿತು, ಸ್ಪೀಕರ್ ಒಡೆಯುವ ಹಾಗೆ ನನ್ನ ದನಿ ಬಂತು. ಚಹಾದ ಟ್ರೇ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ಎಲ್ಲರೂ ತಿರುಗಿದರು.

"ಅಪ್ಪಾ, ಅದು ಅಮ್ಮ ಲಾ!" ಅಂದಳು ಮಗಳು.

ಯಜಮಾನರು ಒಂಚೂರೂ ಅಲುಗಲಿಲ್ಲ.

"ಖುಷಿಯೊಳಗ ನನ್ನ ದನಿ ಸ್ವಲ್ಪ ಸಣ್ಣ ಆಗಿತ್ತು," ಅಂದರು.