ಒಂದೇ ಒಗೆತಕ್ಕೆ ಕುಗ್ಗಿದ ರವಿಕೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಯಾರೋ ಬೆರಳಿಟ್ಟು ತೋರಿಸುವುದಕ್ಕಿಂತ ಅದೇ ಮರ್ಯಾದೆ. ನನ್ನ ನೆನಪಿನ ಮೇಲೆ ನಂಬಿಕೆಯಿಲ್ಲದ್ದರಿಂದಲೇ ಎಂ.ಎ. ಓದುವ ದಿನಗಳಿಂದ ಡೈರಿ ಬರೆಯುತ್ತಿದ್ದೇನೆ. ಡೈರಿ ಬರೆಯುವವಳೂ ನಾನೇ ಆದ್ದರಿಂದ ಅದರಿಂದ ಅಂಥ ಪ್ರಯೋಜನವೇನೂ ಆಗಿಲ್ಲ. ಈ ರವಿಕೆಯನ್ನೇ ತೆಗೆದುಕೊಳ್ಳಿ. ಡೈರಿಯಲ್ಲಿ ಅದರ ಬಣ್ಣ ಬದನೆಕಾಯಿಯದು, ನೆನಪಿನಲ್ಲಿ ನೇರಳೆ ಹಣ್ಣಿನದು. ಈಗ ಕುರ್ಚಿಯ ಬೆನ್ನಿಗೆ ತೂಗುಹಾಕಿರುವುದನ್ನು ನೋಡಿದರೆ ಎರಡೂ ಅಲ್ಲ. ಆದರೆ ಒಂದು ವಿಷಯದಲ್ಲಿ ಡೈರಿಗೂ ನೆನಪಿಗೂ ಜಗಳವಿಲ್ಲ. ಭೇರ್ಯದಲ್ಲಿ ಚಿಕ್ಕಮ್ಮನ, ಅಂದರೆ ಅಮ್ಮನ ತಂಗಿಯ, ಮೊಮ್ಮಗಳ ನಾಮಕರಣಕ್ಕೆ ನಾನು ಇದನ್ನು ಹಾಕಿಕೊಂಡಿದ್ದೆ, ಇದು ನನಗೆ ಸರಿಯಾಗಿ ಕೂತಿತ್ತು.

ಊರಿಂದ ಬಂದ ಮರುದಿನ ಅದನ್ನು ತಣ್ಣೀರಲ್ಲಿ, ಕೈಯಲ್ಲೇ, ಮಗುವಿಗೆ ಸ್ನಾನ ಮಾಡಿಸುವಷ್ಟು ನಾಜೂಕಾಗಿ ಒಗೆದು ತಾರಸಿಯ ಮೇಲೆ ಹರವಿದೆ. ಕ್ಲಿಪ್ಪು ಹಾಕಿ ಎರಡು ಸಲ ನೆಟ್ಟಗೆ ಮಾಡಿದರೂ ಅದರ ಎಡಭುಜ ಇಳಿಯುತ್ತಲೇ ಇತ್ತು, ಯಾರೋ ಬಸ್ಸಿಗೆ ಕಾದು ಸುಸ್ತಾಗಿ ನಿಂತ ಹಾಗೆ. ಸಂಜೆ ನಾಲ್ಕಕ್ಕೆ ಹೋದಾಗ ಉಳಿದ ಬಟ್ಟೆಗಳೆಲ್ಲ ಇನ್ನೂ ಹಸಿ, ಇದೊಂದು ಮಾತ್ರ ಒಣಗಿ ಬೆಚ್ಚಗಿತ್ತು. ಹಾಕಿ ನೋಡಿದರೆ ಮೊಣಕೈ ದಾಟಿ ಮೇಲೇರಲಿಲ್ಲ.

"ಬಟ್ಟೆ ಕುಗ್ತೋ, ನೀನು ಹಿಗ್ಗಿದ್ಯೋ?" ಎಂದರು ನನ್ನ ಗಂಡ, ಪೇಪರಿನಿಂದ ತಲೆಯೆತ್ತದೆ. ಅವರ ಹಾಸ್ಯಪ್ರಜ್ಞೆ ಮದುವೆಯ ದಿನ ಎಷ್ಟಿತ್ತೋ ಈಗಲೂ ಅಷ್ಟೇ ಇದೆ, ಯಾವ ಒಗೆತಕ್ಕೂ ಕುಗ್ಗಿಲ್ಲ. ಅನುಮಾನ ಬೇಡವೆಂದು ಉಳಿದ ಏಳು ರವಿಕೆಗಳನ್ನೂ ಹಾಕಿ ನೋಡಿದೆ. ಆರು ಹಿಡಿಸಿದವು. ಏಳನೆಯದನ್ನು ನಾನು ಲೆಕ್ಕಕ್ಕಿಟ್ಟಿಲ್ಲ.

ಹೊಲಿದುಕೊಟ್ಟವರು ಹುಣಸೂರಿನ ಪೇಟೆಬೀದಿಯ ರಹಮತ್ ಸಾಬರು. ಬಟ್ಟೆಯೂ ಅವರದೇ, ಹೊಲಿಗೆಯೂ ಅವರದೇ, ಆದ್ದರಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ ಎಂದು ಲೆಕ್ಕ ಹಾಕಿ, ಬಸ್ ನಿಲ್ದಾಣದಿಂದ ಅಂಗಡಿಯವರೆಗೂ ಜಗಳದ ಮಾತುಗಳನ್ನು ಮನಸ್ಸಿನಲ್ಲೇ ಉರುಹೊಡೆಯುತ್ತ ಹೋದೆ. ಗಿರಾಕಿಯ ಹಕ್ಕುಗಳ ಬಗ್ಗೆ ಒಂದು ಒಳ್ಳೆಯ ವಾಕ್ಯವೂ ಇತ್ತು. ಹೇಳಲು ಸಂದರ್ಭ ಬರಲಿಲ್ಲ.

"ಕುಗ್ಗೋದಾ? ನನ್ ಬಟ್ಟೆನಾ?" ಸಾಬರು ಕನ್ನಡಕ ಹಣೆಗೇರಿಸಿದರು. "ಮೇಡಂ, ಒಂದಿಡೀ ದಿನ ಬಕೀಟಲ್ಲಿ ನೆನೆಹಾಕಿ, ಒಣಗ್ಸಿ, ಇಸ್ತ್ರಿ ಮಾಡಿ, ಆಮೇಲೇ ನಾನು ಕತ್ರಿ ಇಡೋದು. ಕುಗ್ಗೋದೇನಿದ್ರೂ ನನ್ ಅಂಗಡೀಲೇ ಕುಗ್ಗೋಗಿರ್ತದೆ."

"ಹಾಗಾದ್ರೆ ಇದೇನು?" ಎಂದು ರವಿಕೆಯನ್ನು ಮೇಜಿನ ಮೇಲೆ ಹರಡಿದೆ. ಪಕ್ಕದಲ್ಲೇ ಅಳತೆ ಬ್ಲೌಸನ್ನೂ ಇಟ್ಟೆ. ನಮ್ಮ ಕಡೆ ಹೆಂಗಸರು ಟೇಪು ಹಿಡಿಸಿಕೊಂಡು ನಿಲ್ಲುವುದು ಕಡಿಮೆ. ಹಿಡಿಸುವ ಹಳೆಯ ರವಿಕೆಯೊಂದನ್ನು ಅಳತೆಗೆಂದು ಕೊಡುತ್ತೇವೆ, ಹೊಸದರ ಜೊತೆ ಅದೂ ವಾಪಸ್ ಬರುತ್ತದೆ. ನಾನು ಕೊಟ್ಟಿದ್ದು ನನ್ನದೇ, ಬಂದದ್ದೂ ನನ್ನದೇ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಹೊಸದು ಹಳೆಯದರ ಮಗಳ ಹಾಗೆ ಕಾಣುತ್ತಿತ್ತು.

ಸಾಬರು ಒಳಭಾಗ ತಿರುವಿದರು. ಹೊಲಿಗೆಗಳ ಮೇಲೆ ಬೆರಳಾಡಿಸಿದರು. "ಕುಗ್ಗಿದ್ರೆ ಹೊಲಿಗೆ ಸುಕ್ಕು ಬರ್ತದೆ. ಇಲ್ಲಿ ಒಂದ್ ಸುಕ್ಕಿಲ್ಲ, ನೋಡಿ." ಟೇಪು ಹಿಡಿದು ಎದೆ, ಸೊಂಟ ಅಳೆದರು. ತೋಳಿಗೆ ಬಂದಾಗ ಅವರ ಕೈ ನಿಂತಿತು. "ಇದು ನಿಮ್ ತೋಳಿಗಿಂತ ಒಂದಿಂಚು ಉದ್ದ ಅದೆ. ನೀರಿಗೆ ಹಾಕಿದ್ ಬಟ್ಟೆ ಉದ್ದ ಆಗೋದುಂಟಾ ಮೇಡಂ?"

ಅದು ವಿಜ್ಞಾನದವರನ್ನು ಕೇಳಬೇಕಾದ ಪ್ರಶ್ನೆ. ನನ್ನ ಎಂ.ಎ. ಇತಿಹಾಸದಲ್ಲಿ.

ಅವರು ಭುಜಗಳನ್ನು ಒಂದರ ಮೇಲೊಂದು ಮಡಿಸಿ ನೋಡಿದರು. ಎಡದ್ದು ಅರ್ಧ ಇಂಚು ಕೆಳಗಿತ್ತು. ಎದ್ದು ಹೋಗಿ, ಕಪಾಟಿನಿಂದ ರಟ್ಟು ಕಿತ್ತುಹೋದ ಅಳತೆ ಪುಸ್ತಕ ತೆಗೆದು, ಒಂದು ಪುಟದ ಮೇಲೆ ಬೆರಳಿಟ್ಟರು. ಎದೆ, ಸೊಂಟ, ತೋಳು, ಎಲ್ಲ ಅದೇ ಅಂಕಿ. ಕೆಳಗೆ ಅವರದೇ ಅಕ್ಷರದಲ್ಲಿ, 'ಎಡ ಭುಜ ಅರ್ಧ ಇಳಿಸೋದು.'

ಪುಟದ ಮೇಲಿದ್ದುದು ಅಮ್ಮನ ಹೆಸರು. ಅಂಗನವಾಡಿಯ ರಿಜಿಸ್ಟರು ತುಂಬಿದ ಚೀಲವನ್ನು ಜೀವಮಾನವಿಡೀ ಒಂದೇ ಕಡೆ ಹೊತ್ತು ಅವಳ ಎಡಭುಜ ಹಾಗಾಗಿತ್ತು. ಅಮ್ಮ ಹೋಗಿ ಎರಡು ವರ್ಷವಾಯಿತು.

"ತಪ್ಪು ನಂದೇ ಕಣವ್ವ," ಎಂದರು ಸಾಬರು. 'ಮೇಡಂ' ಬಿಟ್ಟು 'ಅವ್ವ'ಕ್ಕೆ ಇಳಿದಿದ್ದರು. "ಅಮ್ಮೋರು ಯಾವಾಗ್ಲೂ ತಗೊಳ್ತಿದ್ ಬಣ್ಣ ಇದು. ನೋಡ್ದೇಟ್ಗೆ ಕೈ ಅವ್ರ ಅಳತೆಗೇ ಹೋಗ್ಬುಟ್ಟದೆ. ಮೂವತ್ತು ವರ್ಷ ಕತ್ತರ್ಸಿದ್ ಕೈ, ನನ್ ಮಾತು ಕೇಳಾಕಿಲ್ಲ. ಪೂರಾ ದುಡ್ಡು ವಾಪಸ್ ಕೊಡ್ತೀನಿ, ಇದ್ನ ಇಲ್ಲೇ ಬುಟ್ಟೋಗಿ."

ಎಷ್ಟು ನೆಮ್ಮದಿಯ ವಿವರಣೆ! ಮುದುಕರ ಕೈಯ ಅಭ್ಯಾಸ, ಅಷ್ಟೇ. ನಾನು ನಕ್ಕೇಬಿಟ್ಟೆ. ನಕ್ಕು ಮುಗಿಯುವ ಹೊತ್ತಿಗೆ ನೆನಪಾಯಿತು.

"ಆದ್ರೆ ಸಾಬರೇ, ನಾನು ಇದನ್ನ ಹಾಕ್ಕೊಂಡಿದ್ದೆ. ಭೇರ್ಯಕ್ಕೆ."

"ಇದ್ನಾ?" ಅವರು ರವಿಕೆಯನ್ನು ನೋಡಿದರು. ಆಮೇಲೆ ನನ್ನನ್ನು, ಸಭ್ಯತೆಯ ಮಿತಿಯೊಳಗೆ, ದರ್ಜಿಯ ಕಣ್ಣಿನಿಂದ ನೋಡಿದರು. "ಆಗಾಕಿಲ್ಲ ಕಣವ್ವ. ತೋಳೇ ಏರಾಕಿಲ್ಲ."

ಅವರು ಗಲ್ಲಾಪೆಟ್ಟಿಗೆಯಿಂದ ನೋಟು ತೆಗೆದು ಮುಂದೆ ತಳ್ಳಿದರು. ರವಿಕೆಯನ್ನು ತಮ್ಮ ಕಡೆ ಎಳೆದುಕೊಂಡರು. ನಾನು ಅದರ ಇನ್ನೊಂದು ತೋಳನ್ನು ಹಿಡಿದೆ. ಅಮ್ಮನ ಕಾರ್ಯ ಮುಗಿದ ಮೇಲೆ ಅವಳ ಬಟ್ಟೆಗಳನ್ನೆಲ್ಲ ಯಾರುಯಾರಿಗೋ ಕೊಟ್ಟುಬಿಟ್ಟಿದ್ದೆವು. ಮನೆ ಖಾಲಿಯಾಗಲಿ ಎಂದು ಅವಸರ ಮಾಡಿದವಳು ನಾನೇ. ಅವಳ ಮೈಯ ಅಳತೆಯದು ಎನ್ನುವಂಥದ್ದು ಈ ಲೋಕದಲ್ಲಿ ಈಗ ಈ ಮೇಜಿನ ಮೇಲಿನದು ಮಾತ್ರ. ದುಡ್ಡು ಕೊಡಿ ಎಂದು ಕೂಗಾಡಲು ಬಂದವಳು ದುಡ್ಡು ಬೇಡ ಎಂದು ಗೋಗರೆಯತೊಡಗಿದೆ. "ಆಗ್ದೇ ಇರೋ ಮಾಲು ನಿಮ್ತಾವು, ದುಡ್ಡು ನನ್ತಾವು, ಇದೆಂಥಾ ನ್ಯಾಯ?" ಎಂದು ಸಾಬರು, "ಇರಲಿ ಬಿಡಿ ಸಾಬರೇ" ಎಂದು ನಾನು. ಕೊನೆಗೆ ಗೆದ್ದವಳು ನಾನು, ಅಂದರೆ ದುಡ್ಡಿಲ್ಲದೆ ವಾಪಸಾದೆ.

ಮನೆಗೆ ಬಂದು ಫೋನಿನಲ್ಲಿ ನಾಮಕರಣದ ಫೋಟೋಗಳನ್ನು ಹುಡುಕಿದೆ. ಎಲ್ಲವೂ ಮಗುವಿನವು. ಒಂದರಲ್ಲಿ ಮಗುವನ್ನು ಹಿಡಿದ ಕೈ ಮಾತ್ರ ಕಾಣುತ್ತದೆ. ಬದನೆಕಾಯಿ ಬಣ್ಣದ ತೋಳು ಮೊಣಕೈವರೆಗೂ ಇದೆ, ಅದರೊಳಗಿನ ಕೈ ತೆಳ್ಳಗಿದೆ. "ಯಾರ ಕೈ ಇದು?" ಎಂದೆ. "ನಿಂದೇ ಇರ್ಬೇಕು, ಫೋಟೋದಲ್ಲಿ ಚೆನ್ನಾಗಿ ಬಂದಿದೆ," ಎಂದರು ಗಂಡ. ಇಷ್ಟು ವರ್ಷದಲ್ಲಿ ಅವರು ಮಾಡಿದ ಮೊದಲ ಹೊಗಳಿಕೆ. ಸ್ವೀಕರಿಸಲು ಧೈರ್ಯವಾಗಲಿಲ್ಲ.

ಆ ದಿನ ರವಿಕೆ ಸರಿಯಾಗಿ ಕೂತಿತ್ತು ಎಂದು ಇಷ್ಟು ಖಾತ್ರಿಯಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ಚಿಕ್ಕಮ್ಮನ ಮನೆಯ ಒಳಕೋಣೆ. ಭತ್ತದ ಮೂಟೆಗಳ ನಡುವೆ ನಿಂತು ಚಿಕ್ಕಮ್ಮ ಬೆನ್ನಿನ ಹುಕ್ಕು ಹಾಕುತ್ತಿದ್ದಾಳೆ. "ಅಕ್ಕಂಗೆ ಕೂತಂಗೇ ಕೂತದೆ ಕಣವ್ವ," ಎನ್ನುತ್ತಾಳೆ. ಹುಕ್ಕುಗಳು ಒಂದೊಂದಾಗಿ ಬೀಳುವುದು ಕಾಣುತ್ತದೆ. ಎಡಭುಜ ತುಸು ಇಳಿದಿರುವುದೂ ಕಾಣುತ್ತದೆ. ಇದನ್ನು ಡೈರಿಯಲ್ಲಿ ಬರೆಯುತ್ತಿದ್ದಾಗ ಪೆನ್ನು ತಾನಾಗಿಯೇ ನಿಂತಿತು. ನಾನು ಇದನ್ನೆಲ್ಲ ಬಾಗಿಲ ಬಳಿಯಿಂದ ನೋಡುತ್ತಿದ್ದೇನೆ. ತನ್ನ ಬೆನ್ನನ್ನು ತಾನೇ ನೋಡಿಕೊಂಡವರು ಯಾರಿದ್ದಾರೆ?

ಚಿಕ್ಕಮ್ಮನಿಗೆ ಫೋನು ಮಾಡಿದೆ. ಮಗು, ಮಳೆ, ಸೊಸೆಯ ಸೊಂಟನೋವು ಎಲ್ಲ ಆಯಿತು. ಆಮೇಲೆ ಕೇಳಿದೆ. "ಒಲೆ ಮ್ಯಾಲೆ ಹಾಲಿಟ್ಟಿವ್ನಿ ಕಣವ್ವ, ತಡಿ ಬತ್ತೀನಿ" ಎಂದು ಹೋದವಳು ಮತ್ತೆ ಬರಲಿಲ್ಲ. ಮೂರು ದಿನವಾಯಿತು, ಯಾವ ಹಾಲೂ ಉಕ್ಕಲು ಇಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲ. ನಾನು ಕೇಳಿದ್ದೇನೂ ದೊಡ್ಡ ಪ್ರಶ್ನೆಯಲ್ಲ.

"ಚಿಕ್ಕಮ್ಮಾ, ಅವತ್ತು ನೀನು ಹುಕ್ಕು ಹಾಕಿದ್ದು ಯಾರಿಗೆ?"