ಬೆಂಚಿನವಳಿಗೆ ದೃಷ್ಟಿ

ನಮ್ಮ ಚಿಕ್ಕಪ್ಪನಷ್ಟು ಫುಟ್‌ಬಾಲ್ ಪಂದ್ಯಗಳಿಗೆ ಹೋಗಿ ಒಂದು ಗೋಲನ್ನೂ ನೋಡದವರು ಇಡೀ ನೆದರ್‌ಲ್ಯಾಂಡ್ಸಿನಲ್ಲಿ ಇನ್ನೊಬ್ಬರಿಲ್ಲ. ಯುರೋಪಿನ ಮಹಿಳಾ ಕ್ಲಬ್‌ಗಳ ಸ್ಪರ್ಧೆ ನಡೆದಷ್ಟು ಕಾಲವೂ ಅವರು ನೋಡಿದ್ದು ಡಚ್ ತಂಡದ ಬದಲಿ ಆಟಗಾರ್ತಿಯರು ಕೂರುವ ಬೆಂಚನ್ನು. ಬೆಂಚಿನಲ್ಲೂ ಎರಡನೇ ಗೋಲ್‌ಕೀಪರನ್ನು ಮಾತ್ರ. ಆಕೆಯನ್ನು ಒಂದು ನಿಮಿಷವೂ ಆಡಿಸಲಿಲ್ಲ.

"ಗೋಲಾಯ್ತು, ಚಿಕ್ಕಪ್ಪ."

"ಆಗ್ಲಿ ಬಿಡೋ. ಆ ಹುಡುಗಿ ಜಾಕೆಟ್ ಜಿಪ್ಪೇ ಹಾಕಿಲ್ಲ ನೋಡು. ಶೀತ ಆಗುತ್ತೆ."

ಬೇರೆ ದೇಶದಲ್ಲಿ ಪಂದ್ಯವಿದ್ದರೆ ಆಲ್ಮೆರೆ ಊರಿನ ತಮ್ಮ ಮನೆಯಲ್ಲೇ ಟಿವಿಯ ಮುಂದೆ ಉಪ್ಪು, ಒಣಮೆಣಸಿನಕಾಯಿ ಹಿಡಿದು ನಿಲ್ಲುತ್ತಿದ್ದರು. ಬೆಂಚು ಕಂಡೊಡನೆ ಆಕೆಗೆ ನಿವಾಳಿಸಿ ಕಾದ ಬಾಣಲೆಗೆ ಹಾಕುವುದು. ಘಾಟು ಬರದಿದ್ದರೆ ದೃಷ್ಟಿಯಾಗಿತ್ತು ಎಂದು ನಂಬಿಕೆ. ಪ್ರತಿಸಲವೂ ಭರ್ಜರಿ ಘಾಟು, ಮೇಲೆ ಹೊಗೆಯ ಅಲಾರಂ. ಬೆಂಚಿನಲ್ಲಿ ಕೂತವಳ ಮೇಲೆ ಯಾರು ಕಣ್ಣು ಹಾಕುತ್ತಾರೆ? ಪಕ್ಕದ ಮನೆಯ ಡಚ್ ಮುದುಕಿ ಓಡಿಬಂದು ಏನು ಸುಡುತ್ತಿದೆ ಎಂದರೆ "ಫುಟ್‌ಬಾಲ್" ಎಂದರು.

ನಗಬೇಡಿ. ಅವರ ಮಗಳು ಅದಿತಿಯೂ ಶಾಲೆಯ ದಿನಗಳಲ್ಲಿ ಊರಿನ ತಂಡದ ಎರಡನೇ ಗೋಲ್‌ಕೀಪರ್. "ಬೆಂಚ್ ಮೇಲೆ ಕೂರೋದನ್ನ ನೋಡೋಕೆ ನಾನ್ಯಾಕೆ ಚಳೀಲಿ ಬರ್ಲಿ? ಆಡಿಸ್ದಾಗ ಹೇಳು" ಎಂದಿದ್ದರಂತೆ ಚಿಕ್ಕಪ್ಪ. ಅದನ್ನು ನಾನೇ ಕೇಳಿದೆನೋ, ಅವಳು ಹೇಳಿ ಹೇಳಿ ನನ್ನ ನೆನಪಾಯಿತೋ, ಖಾತ್ರಿಯಿಲ್ಲ. ಆಡಿಸಲಿಲ್ಲ, ಅವಳು ಹೇಳಲಿಲ್ಲ. ಆಟ ಬಿಟ್ಟಳು, ಆಮೇಲೆ ರಾಟರ್‌ಡ್ಯಾಮಿಗೆ ಹೋಗಿ ಮನೆಗೆ ಬರುವುದನ್ನೂ ಬಿಟ್ಟಳು.

ತಂಡದ ಕೊನೆಯ ಪಂದ್ಯದ ದಿನ ಹಳೆಯ ಸೈಕಲ್ ಒಯ್ಯಲು ಬಂದಳು. ಚಿಕ್ಕಪ್ಪ ಟಿವಿಗೆ ನಿವಾಳಿಸುತ್ತಿದ್ದರು. ಅವಳು ಬಾಗಿಲಲ್ಲೇ ನಿಂತಳು.

"ಅವಳೂ ಬೆಂಚ್ ಮೇಲೇ ಕೂತಿದಾಳಲ್ಲ, ಅಪ್ಪ. ಅವಳನ್ನ ನೋಡೋಕೆ ಟೈಮ್ ಇದ್ಯಾ ನಿಂಗೆ?"

ಮುಷ್ಟಿ ಗಾಳಿಯಲ್ಲೇ ನಿಂತಿತು. ಡಚ್ ತಂಡ ಸೋಲುತ್ತಿತ್ತು, ಅಥವಾ ಅದಾಗಲೇ ಸೋತಿತ್ತು. ಚಿಕ್ಕಪ್ಪ ಟಿವಿಗೆ ಬೆನ್ನು ಹಾಕಿ ಅವಳ ಬಳಿ ಹೋದರು, ಅದೇ ಮುಷ್ಟಿಯನ್ನು ಅವಳ ತಲೆಯ ಸುತ್ತ ತಿರುಗಿಸತೊಡಗಿದರು.

"ಡು ನಾರ್ಮಾಲ್, ಅಪ್ಪ," ಎಂದು ಹುಚ್ಚಾಟ ಸಾಕು ಎಂಬಂತೆ ಡಚ್ಚಿನಲ್ಲಿ ಗದರಿದಳು. ಆದರೆ ಅಲ್ಲಾಡಲಿಲ್ಲ.

ಬಾಣಲೆಗೆ ಬಿದ್ದ ಮೆಣಸಿನಕಾಯಿ ಕಪ್ಪಾಯಿತು. ಘಾಟು ಬರಲಿಲ್ಲ. ಅಲಾರಂ ಕೂಗಲಿಲ್ಲ.

"ನೋಡ್ದ್ಯೇನೋ," ಎಂದರು ಚಿಕ್ಕಪ್ಪ ನನಗೆ. "ಎಷ್ಟು ದೃಷ್ಟಿ ಆಗಿತ್ತು ನನ್ ಮಗೂಗೆ."

ಒಲೆಯ ಮೇಲಿನ ಹೊಗೆ ಎಳೆಯುವ ಫ್ಯಾನ್ ತಿರುಗುತ್ತಿತ್ತೇ? ಅದನ್ನು ಹಾಕಿದ್ದು ನಾನೇ ಇರಬಹುದು. ನೆನಪಿಲ್ಲ. ಚಿಕ್ಕಪ್ಪ ಕೇಳಿದರೆ ಮಾತ್ರ, ಹಾಕಿರಲಿಲ್ಲ ಎಂದೇ ಹೇಳುತ್ತೇನೆ.